ಹಾಡಿನ ಪಂದ್ಯವೂ ಹೊಸ ಹಾಡೂ

ವರ್ಷಕ್ಕೊಂದು ಸಲ, ಮೇ ತಿಂಗಳ ಒಂದು ಶನಿವಾರ ರಾತ್ರಿ, ನನ್ನ ವಯಸ್ಸಿಗೂ ವೃತ್ತಿಗೂ ಒಪ್ಪದ ಕೆಲಸವೊಂದನ್ನು ನಾನು ಮಾಡುತ್ತೇನೆ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಹಳಗನ್ನಡವನ್ನೂ ಹೊಸಗನ್ನಡವನ್ನೂ ಕಲಿಸಿ ನಿವೃತ್ತನಾದ ಮನುಷ್ಯ, ಊರೆಲ್ಲ ಮಲಗಿರುವಾಗ ಹನ್ನೆರಡೂವರೆ ಗಂಟೆಗೆ ಎದ್ದು ಕುಳಿತು, ಬೆಳಗಿನ ನಾಲ್ಕೂವರೆಯವರೆಗೆ ಯೂರೋಪಿನವರ ಹಾಡಿನ ಪಂದ್ಯವನ್ನು ನೋಡುತ್ತಾನೆ. ನೋಡುವುದಷ್ಟೇ ಅಲ್ಲ, ಮಗ್ಗುಲಲ್ಲಿ ಒಂದು ನೋಟುಬುಕ್ಕನ್ನಿಟ್ಟುಕೊಂಡು ಪ್ರತಿಯೊಂದು ಹಾಡಿಗೂ ಅಂಕ ಕೊಡುತ್ತಾನೆ. ಉತ್ತರಪತ್ರಿಕೆ ತಿದ್ದುವ ಚಟ ನಿವೃತ್ತಿಯಾದರೂ ಬಿಟ್ಟಿಲ್ಲವೆಂದು ನನ್ನ ಪತ್ನಿ ಹೇಳುತ್ತಾಳೆ. “ಏನ್ರೀ, ಅರ್ಥವಾಗದ ಹಾಡಿಗೆ ಎಷ್ಟು ಮಾರ್ಕು ಕೊಟ್ಟಿರಿ?” ಎಂದು ಬೆಳಿಗ್ಗೆ ಕಾಫಿ ಕೊಡುವಾಗ ಕೇಳುತ್ತಾಳೆ. ಆ ಪ್ರಶ್ನೆ ಅವಳು ತಿಳಿದುಕೊಂಡಿರುವುದಕ್ಕಿಂತಲೂ ಕಠಿಣವಾದದ್ದು. ಅದಕ್ಕೆ ಉತ್ತರ ಹೇಳಲೆಂದೇ ಈ ಬರಹ.

ಮೊದಲು ನನ್ನ ವಾಸಸ್ಥಳದ ವಿಷಯ ಹೇಳಬೇಕು. ನಾನಿರುವುದು ಟಿನ್ ಫ್ಯಾಕ್ಟರಿಯ ಹತ್ತಿರದ ಒಂದು ಓಣಿಯಲ್ಲಿ. ಹೆಸರಿನಲ್ಲಿ ಕಾರ್ಖಾನೆ ಇದೆ. ಇಲ್ಲಿ ಬಸ್ಸಿಗೆ ಕಾಯುವ ಸಾವಿರಾರು ಜನರಲ್ಲಿ ಒಬ್ಬರೂ ಆ ಕಾರ್ಖಾನೆ ಎಲ್ಲಿದೆಯೆಂದು ಕೇಳಿದ್ದನ್ನು ನಾನು ಕಂಡಿಲ್ಲ. ಹಳೆಯ ಮದ್ರಾಸು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಎಡೆ ಇದು. ಒಂದು ಕಡೆ ಬೆನ್ನಿಗಾನಹಳ್ಳಿಯ ಕೆರೆ, ಇನ್ನೊಂದು ಕಡೆ ಕೆ.ಆರ್. ಪುರದ ತೂಗುಸೇತುವೆ, ತಲೆಯ ಮೇಲೆ ಮೆಟ್ರೋ. ಹೊಸಕೋಟೆ, ಕೋಲಾರ, ಮುಳಬಾಗಿಲು, ಚಿಂತಾಮಣಿ, ತಿರುಪತಿ ಎಂದು ಕೂಗುವ ಕಂಡಕ್ಟರುಗಳ ದನಿ ಅರ್ಧರಾತ್ರಿಯಲ್ಲೂ ನಿಲ್ಲುವುದಿಲ್ಲ. ಕನ್ನಡ, ತೆಲುಗು, ತಮಿಳು, ಉರ್ದು, ಹಿಂದಿ, ಈಚೆಗೆ ಬಂಗಾಳಿ, ಒಡಿಯಾ, ಎಲ್ಲವೂ ಒಂದೇ ತಂಗುದಾಣದ ಕೆಳಗೆ ಮಳೆಗೆ ನಿಂತಿರುತ್ತವೆ. ಇಪ್ಪತ್ತಾರು ದೇಶಗಳವರು ಒಂದು ವೇದಿಕೆಗೆ ಬರುವುದನ್ನು ಕಂಡು ಇತರರು ಬೆರಗಾಗಬಹುದು; ಟಿನ್ ಫ್ಯಾಕ್ಟರಿಯವನಿಗೆ ಅದರಲ್ಲಿ ಹೊಸತೇನೂ ಇಲ್ಲ.

ಈ ಎಡೆಗೂ ನಾನು ಹೇಳಹೊರಟ ವಿಷಯಕ್ಕೂ ಇನ್ನೊಂದು ನಂಟಿದೆ. ಇಲ್ಲಿಂದ ಸೇತುವೆ ದಾಟಿದರೆ ದೂರವಾಣಿನಗರ. 1948ರಲ್ಲಿ ಸ್ಥಾಪನೆಯಾದ ಐ.ಟಿ.ಐ. ಕಾರ್ಖಾನೆಯಿಂದಾಗಿ ಆ ಬಡಾವಣೆಗೆ ಆ ಹೆಸರು. ದೇಶದ ಎಷ್ಟೋ ಮನೆಗಳಲ್ಲಿ, ಕಚೇರಿಗಳಲ್ಲಿ ಇದ್ದ ಕಪ್ಪು ಟೆಲಿಫೋನುಗಳು ಇಲ್ಲಿಂದ ಹೋದಂಥವು. ಯೂರೋಪಿನ ಹಾಡಿನ ಪಂದ್ಯದಲ್ಲಿ ಜನಸಾಮಾನ್ಯರು ಟೆಲಿಫೋನಿನ ಮೂಲಕ ಮತ ಹಾಕುವ ಪದ್ಧತಿ 1997ರಲ್ಲಿ ಐದು ದೇಶಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಅಲ್ಲಿಯವರೆಗೆ ಬಹುಮಟ್ಟಿಗೆ ತೀರ್ಪುಗಾರರ ಮಂಡಲಿಗಳು ಹೇಳಿದ್ದೇ ತೀರ್ಪು. ಟೆಲಿಫೋನು ತಯಾರಿಸುವವರ ನೆರೆಯಲ್ಲಿ ಬದುಕಿದವನಿಗೆ, ಆ ಯಂತ್ರದಿಂದ ಹಾಡನ್ನು ಗೆಲ್ಲಿಸಬಹುದೆಂಬ ಸಂಗತಿ ತಿಳಿದದ್ದು ಮುಪ್ಪಿನಲ್ಲಿ.

ಪಂದ್ಯದ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು. ಇದರ ಹೆಸರು ಯೂರೋವಿಷನ್. ಎರಡನೆಯ ಮಹಾಯುದ್ಧ ಮುಗಿದು ಹನ್ನೊಂದು ವರ್ಷವಾಗಿದ್ದಾಗ, 1956ರ ಮೇ 24ರಂದು, ಸ್ವಿಟ್ಜರ್ಲೆಂಡಿನ ಲುಗಾನೋ ಪಟ್ಟಣದಲ್ಲಿ ಏಳು ದೇಶಗಳು ಸೇರಿ ಇದನ್ನು ಮೊದಲ ಬಾರಿಗೆ ನಡೆಸಿದುವು. ಒಬ್ಬರ ಊರಿನ ಮೇಲೊಬ್ಬರು ಬಾಂಬು ಹಾಕಿದ್ದವರು ದೂರದರ್ಶನದ ತಂತಿಯಿಂದ ಪರಸ್ಪರ ಕಟ್ಟಿಕೊಳ್ಳಲು ಹಾಡನ್ನು ಆರಿಸಿಕೊಂಡರು. ಅದಕ್ಕಿಂತ ಮೊದಲೇ, 1951ರಿಂದ, ಇಟಲಿಯ ಸಾನ್ ರೆಮೋದಲ್ಲಿ ನಡೆಯುತ್ತಿದ್ದ ಹಾಡಿನ ಉತ್ಸವ ಅವರಿಗೆ ಮಾದರಿ. ಮೊದಲ ವರ್ಷ ಗೆದ್ದವಳು ಸ್ವಿಟ್ಜರ್ಲೆಂಡಿನ ಲಿಸ್ ಆಸಿಯಾ. ಅಲ್ಲಿಂದ ಈಚೆಗೆ, ಮಹಾಮಾರಿಯ 2020ನೆಯ ವರ್ಷವೊಂದನ್ನು ಬಿಟ್ಟರೆ, ಒಂದು ವರ್ಷವೂ ತಪ್ಪಿದ್ದಿಲ್ಲ. ನಿಯಮಗಳು ಹಲವು, ಮುಖ್ಯವಾದುವು ಇಷ್ಟು: ಹಾಡು ಮೂರು ನಿಮಿಷ ಮೀರಕೂಡದು, ವೇದಿಕೆಯಲ್ಲಿ ಆರಕ್ಕಿಂತ ಹೆಚ್ಚು ಜನ ಇರಕೂಡದು, ಹಾಡುವವರು ಅಲ್ಲಿಯೇ ಬಾಯಿ ಬಿಟ್ಟು ಹಾಡಬೇಕು, ಮತ್ತು ಹಾಡು ಹೊಸದಾಗಿರಬೇಕು. ಈ ಕೊನೆಯ ನಿಯಮವನ್ನು ಓದುಗರು ದಯಮಾಡಿ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಮೇಲೆಯೇ ನನ್ನ ವಾದವೆಲ್ಲ ನಿಂತಿದೆ.

ನಾನು ಇದರ ಅಭಿಮಾನಿಯಾದದ್ದು 2017ರಲ್ಲಿ. ನೆದರ್ಲೆಂಡಿಗೆ ಕೆಲಸಕ್ಕೆ ಹೋಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, “ಸಾರ್, ಇದನ್ನೊಂದು ಸಲ ಕೇಳಿ” ಎಂದು ಫೋನಿಗೆ ಒಂದು ಹಾಡನ್ನು ಕಳುಹಿಸಿದ. ಪೋರ್ತುಗಲ್ಲಿನ ಸಾಲ್ವದೋರ್ ಸೋಬ್ರಾಲ್ ಎಂಬ ತರುಣ, ಸಭೆಯ ನಡುವಿನ ಸಣ್ಣ ಜಗಲಿಯ ಮೇಲೆ ಒಬ್ಬನೇ ನಿಂತು ಹಾಡಿದ್ದ. ಬೆಂಕಿಯಿಲ್ಲ, ಹೊಗೆಯಿಲ್ಲ, ಕುಣಿಯುವವರಿಲ್ಲ. ಹಾಡನ್ನು ಕಟ್ಟಿದವಳು ಅವನ ಅಕ್ಕ ಲೂಯಿಸಾ. ನನಗೆ ಪೋರ್ತುಗೀಸ್ ಒಂದಕ್ಷರವೂ ಬಾರದು. ಆದರೂ ಆ ಮೂರು ನಿಮಿಷ ಮುಗಿದಾಗ, ಕಾಳಿಂಗರಾಯರು ಹಾಡಿ ಮುಗಿಸಿದ ಮೇಲೆ ರೇಡಿಯೋದ ಮುಂದೆ ನಮ್ಮ ತಂದೆ ಸುಮ್ಮನೆ ಕುಳಿತಿರುತ್ತಿದ್ದರಲ್ಲ, ಹಾಗೆ ಕುಳಿತಿದ್ದೆ. 1964ರಿಂದ ಸ್ಪರ್ಧಿಸುತ್ತಿದ್ದ ಪೋರ್ತುಗಲ್ ಗೆದ್ದದ್ದು ಅದೇ ಮೊದಲು. 758 ಅಂಕ. ಐವತ್ತಮೂರು ವರ್ಷ ಕಾದು, ತನ್ನ ನುಡಿಯಲ್ಲಿಯೇ ಹಾಡಿ, ಗದ್ದಲವಿಲ್ಲದೆ ಗೆದ್ದ ಆ ಚಿಕ್ಕ ದೇಶದ ಮೇಲೆ ನನಗೆ ಅಭಿಮಾನ ಹುಟ್ಟಿತು. ಅಭಿಮಾನ ಒಮ್ಮೆ ಹುಟ್ಟಿತೆಂದರೆ ಅದಕ್ಕೆ ಆಹಾರ ಹುಡುಕುವುದು ಮನುಷ್ಯಸ್ವಭಾವ. ಹಿಂದಿನ ಅರವತ್ತು ವರ್ಷಗಳ ಪಂದ್ಯಗಳ ಚರಿತ್ರೆಯನ್ನೆಲ್ಲ ನಾನು ಒಂದು ವರ್ಷದಲ್ಲಿ ಅಭ್ಯಾಸ ಮಾಡಿದೆ. ಇಷ್ಟು ಶ್ರದ್ಧೆಯಿಂದ ‘ಪಂಪಭಾರತ’ವನ್ನು ಓದಿದ್ದರೆ ಸಂಶೋಧಕನಾಗುತ್ತಿದ್ದೆ.

ಆ ಚರಿತ್ರೆಯಲ್ಲಿ ಕನ್ನಡಿಗನಾದವನು ಬಿಡದೆ ಗಮನಿಸಬೇಕಾದ ಭಾಗವೆಂದರೆ ಭಾಷೆಯ ಕಥೆ. ಮೊದಲಿಗೆ ಯಾವ ಭಾಷೆಯಲ್ಲಿ ಹಾಡಬೇಕೆಂಬ ನಿಯಮವೇ ಇರಲಿಲ್ಲ, ಏಕೆಂದರೆ ಪರಭಾಷೆಯಲ್ಲಿ ಹಾಡಬೇಕೆಂದು ಯಾರಿಗೂ ತೋರಿರಲಿಲ್ಲ. 1965ರಲ್ಲಿ ಸ್ವೀಡನ್ನಿನ ಗಾಯಕ ಇಂಗ್ಲಿಷಿನಲ್ಲಿ ಹಾಡಿದ. ಒಡನೆಯೇ, 1966ರಿಂದ, ಆಯಾ ದೇಶದವರು ಆಯಾ ದೇಶದ ನುಡಿಯಲ್ಲಿಯೇ ಹಾಡತಕ್ಕದ್ದೆಂಬ ಕಟ್ಟಳೆ ಬಂತು. 1973ರಲ್ಲಿ ಅದನ್ನು ಸಡಿಲಿಸಿದರು. 1974ರಲ್ಲಿ ಸ್ವೀಡನ್ನಿನ ಆಬಾ ತಂಡ ಇಂಗ್ಲಿಷಿನಲ್ಲಿ ಹಾಡಿ ಗೆದ್ದು ಲೋಕಪ್ರಸಿದ್ಧವಾಯಿತು. 1977ರಲ್ಲಿ ಕಟ್ಟಳೆ ಮತ್ತೆ ಬಂತು. 1999ರಲ್ಲಿ ಮತ್ತೆ ಹೋಯಿತು, ಹೋದದ್ದು ಹೋಯಿತು. ಅಂದಿನಿಂದ 2025ರವರೆಗೆ ನಡೆದ 26 ಪಂದ್ಯಗಳಲ್ಲಿ ಇಂಗ್ಲಿಷನ್ನು ಬಿಟ್ಟು ಪೂರ್ತಿಯಾಗಿ ಬೇರೆ ನುಡಿಯಲ್ಲಿ ಹಾಡಿ ಗೆದ್ದವರು ನಾಲ್ವರೇ: 2007ರಲ್ಲಿ ಸರ್ಬಿಯಾ, 2017ರಲ್ಲಿ ಪೋರ್ತುಗಲ್, 2021ರಲ್ಲಿ ಇಟಲಿ, 2022ರಲ್ಲಿ ಉಕ್ರೇನು.

ಈ ಅಂಕಿಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡ ದಿನ ನನಗೆ ಖಿನ್ನತೆಯಾಯಿತು. ಫ್ರೆಂಚರಂಥ ಭಾಷಾಭಿಮಾನಿಗಳಿರುವ ಖಂಡದಲ್ಲಿಯೇ ಹೀಗಾದರೆ ಟಿನ್ ಫ್ಯಾಕ್ಟರಿಯ ಕನ್ನಡದ ಗತಿ ಏನು? ಆದರೆ ಚರಿತ್ರೆ ಅಷ್ಟು ಸರಳವಾಗಿಲ್ಲ. ಕಟ್ಟಳೆ ಇದ್ದಾಗಲೂ ಅದರಿಂದ ಎಲ್ಲ ನುಡಿಗಳಿಗೂ ನ್ಯಾಯ ದೊರಕಿರಲಿಲ್ಲ. 1968ರಲ್ಲಿ ಸ್ಪೇನಿನ ಪರವಾಗಿ ಹಾಡಬೇಕಾಗಿದ್ದ ಜುವಾನ್ ಮಾನುವೆಲ್ ಸೆರಾಟ್, ತನ್ನ ತಾಯ್ನುಡಿಯಾದ ಕತಲಾನಿನಲ್ಲಿ ಹಾಡುತ್ತೇನೆಂದು ಹಟ ಹಿಡಿದ. ಫ್ರಾಂಕೋನ ಆಳ್ವಿಕೆ, ಒಪ್ಪಲಿಲ್ಲ. ಅವನ ಬದಲು ಮಾಸಿಯೆಲ್ ಎಂಬ ಗಾಯಕಿಯನ್ನು ಕಳುಹಿಸಿದರು, ಅವಳು ಸ್ಪ್ಯಾನಿಷಿನಲ್ಲಿ ಹಾಡಿ ಗೆದ್ದಳು. ‘ದೇಶದ ನುಡಿ’ ಎಂದರೆ ರಾಜಧಾನಿಯ ನುಡಿ ಎಂದು ಅರ್ಥವಾಗಿಬಿಡುವ ಅಪಾಯ ಎಲ್ಲ ಕಡೆಯೂ ಇದೆ. ಅದೇ ಪಂದ್ಯದಲ್ಲಿ 1972ರಲ್ಲಿ ಐರ್ಲೆಂಡಿನವರು ಐರಿಷಿನಲ್ಲಿ ಹಾಡಿದರು, 1989ರಲ್ಲಿ ಸ್ವಿಸ್ಸರು ಬೆಟ್ಟಗಾಡಿನ ಕೆಲವೇ ಹತ್ತು ಸಾವಿರ ಜನರ ರೋಮಾಂಶ್ ನುಡಿಯಲ್ಲಿ ಹಾಡಿ ಐದನೆಯವರಾದರು, ಫ್ರಾನ್ಸು 1996ರಲ್ಲಿಯೂ 2022ರಲ್ಲಿಯೂ ಬ್ರೆತಾನ್ ನುಡಿಯ ಹಾಡನ್ನು ಕಳುಹಿಸಿತು. 2016ರಲ್ಲಿ ಗೆದ್ದ ಜಮಾಲಾಳ ಹಾಡಿನಲ್ಲಿ ಕ್ರೈಮಿಯಾದ ತಾತಾರರ ನುಡಿ ಕೇಳಿಸಿತು. 1944ರಲ್ಲಿ ಅವಳ ಜನರನ್ನು ಊರು ಬಿಡಿಸಿ ಓಡಿಸಿದ ನೆನಪು ಅದು. ಕಟ್ಟಳೆ ಕಿತ್ತುಹೋದ ಮೇಲೂ ತಾಯ್ನುಡಿಯಲ್ಲಿ ಹಾಡಲು ಬಯಸುವವರು ಹುಟ್ಟುತ್ತಲೇ ಇದ್ದಾರೆ. ನಿಯಮದಿಂದ ಹಾಡಿಸಿದ ನುಡಿಗಿಂತ ಬಯಸಿ ಹಾಡಿದ ನುಡಿಗೆ ಬಲ ಹೆಚ್ಚೆಂದು ನನಗೆ ತೋರುತ್ತದೆ. ಆದರೂ ಕಟ್ಟಳೆ ಇದ್ದ ಕಾಲದ ಪಂದ್ಯಗಳನ್ನು ನೋಡುವಾಗ ಬರುವ ಸಂತೋಷ ಬೇರೆಯೇ ಎಂಬುದನ್ನೂ ಮುಚ್ಚಿಡಲಾರೆ.

ಅಂದಹಾಗೆ, ಈ ಪಂದ್ಯದಲ್ಲಿ ಈಗ ನನಗೂ ಒಂದು ಮತವಿದೆ. 2023ರಿಂದ ಭಾಗವಹಿಸದ ದೇಶಗಳವರೂ ಹಣ ತೆತ್ತು ಮತ ಹಾಕಬಹುದು. ಆ ಎಲ್ಲ ಮತಗಳನ್ನೂ ಕೂಡಿಸಿ, ‘ಲೋಕದ ಉಳಿದ ಭಾಗ’ವನ್ನು ಒಂದೇ ದೇಶವೆಂದು ಎಣಿಸುತ್ತಾರೆ! ಭಾರತ, ಚೀನ, ಅಮೆರಿಕ, ಬ್ರೆಜಿಲ್, ಎಲ್ಲವೂ ಸೇರಿ ಒಂದು ದೇಶ. ಇತ್ತ ಇಟಲಿಯ ಒಡಲಲ್ಲಿರುವ ಸಾನ್ ಮರೀನೋ ಎಂಬ ಪುಟ್ಟ ಗಣರಾಜ್ಯದ ಜನಸಂಖ್ಯೆ 34 ಸಾವಿರದ ಆಸುಪಾಸು. ಅಲ್ಲಿಯ ಬೆರಳೆಣಿಕೆಯ ತೀರ್ಪುಗಾರರು ಕೊಡುವ ಹನ್ನೆರಡು ಅಂಕವೂ ನಾವು ಕೋಟಿಗಟ್ಟಲೆ ಜನ ಕೂಡಿ ಕೊಡುವ ಹನ್ನೆರಡು ಅಂಕವೂ ಸಮ. ಇದು ಅನ್ಯಾಯವೆಂದು ಮಗ ವಾದಿಸಿದ. ಅವನ ಕಾರ್ಡಿನಿಂದಲೇ ಹಣ ಹೋಗುತ್ತಿದ್ದುದರಿಂದ ವಾದಕ್ಕೆ ಸ್ವಲ್ಪ ಕಾವಿತ್ತು. ನನಗೆ ಅನ್ಯಾಯವೆನಿಸಲಿಲ್ಲ. ಅತಿಥಿಗೆ ಪಂಕ್ತಿಯಲ್ಲಿ ಒಂದು ಎಲೆ ಹಾಕಿದರೆ ಸಾಲದೆ?

ಈ ಪಂದ್ಯ ದೋಷರಹಿತವೆಂದು ನಾನು ಹೇಳುವುದಿಲ್ಲ. ಸೈಪ್ರಸ್ಸು ಗ್ರೀಸಿಗೂ ಗ್ರೀಸು ಸೈಪ್ರಸ್ಸಿಗೂ ಹನ್ನೆರಡು ಅಂಕ ಕೊಡುವುದು ಹಾಸ್ಯದ ಮಾತಾಗಿಹೋಗಿದೆ. ರಾಜಕೀಯ ಬೇಡವೆನ್ನುತ್ತಲೇ ಇರುತ್ತಾರೆ. 2022ರಲ್ಲಿ ರಷ್ಯವನ್ನು ಹೊರಗಿಡಬೇಕಾಯಿತು, 2024ರಲ್ಲಿಯೂ 2025ರಲ್ಲಿಯೂ ಗಾಜಾ ಯುದ್ಧದ ಕಾರಣ ಇಸ್ರೇಲು ಭಾಗವಹಿಸುವುದನ್ನು ವಿರೋಧಿಸಿ ಸಭಾಂಗಣದ ಹೊರಗೆ ಜನ ನಿಂತರು. ಹಾಡಿಗೆ ಬಾವುಟ ಕಟ್ಟಿದ ಮೇಲೆ ಗಾಳಿ ಬಂದ ಕಡೆಗೆಲ್ಲ ಅದು ಹಾರುತ್ತದೆ. ಇನ್ನೊಂದು ದೋಷ ನನ್ನ ಮನಸ್ಸಿಗೆ ಹೆಚ್ಚು ನೋವು ಕೊಡುವಂಥದು: 1998ರವರೆಗೆ ವೇದಿಕೆಯ ಪಕ್ಕದಲ್ಲಿ ಪೂರ್ಣ ವಾದ್ಯವೃಂದವಿರುತ್ತಿತ್ತು, 1999ರಿಂದ ವಾದ್ಯವೆಲ್ಲ ಮೊದಲೇ ಮುದ್ರಿಸಿಟ್ಟದ್ದು. ಈ ಒಂದು ವಿಷಯದಲ್ಲಿ ನಮ್ಮ ಕನ್ನಡ ವಾಹಿನಿಗಳವರು ಮೇಲು. ನಮ್ಮ ಸ್ಪರ್ಧೆಗಳಲ್ಲಿ ತಬಲ, ಕೊಳಲು, ಪಿಟೀಲು ಹಿಡಿದವರು ನಿಜವಾಗಿಯೂ ಕುಳಿತು ನುಡಿಸುತ್ತಾರೆ.

ನಮ್ಮ ಸ್ಪರ್ಧೆಗಳ ಮಾತು ಬಂತು. ಕನ್ನಡದಲ್ಲಿ ಇಂಥ ಕಾರ್ಯಕ್ರಮವೆಂದರೆ ನನ್ನ ತಲೆಮಾರಿನವರಿಗೆ ಮೊದಲು ನೆನಪಾಗುವುದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು ಈಟೀವಿಯಲ್ಲಿ ನಡೆಸಿಕೊಡುತ್ತಿದ್ದ ‘ಎದೆ ತುಂಬಿ ಹಾಡುವೆನು’. ಜಿ.ಎಸ್. ಶಿವರುದ್ರಪ್ಪನವರ ಕವಿತೆಯೊಂದರ ನೆನಪನ್ನು ಹೆಸರಿನಲ್ಲಿಟ್ಟುಕೊಂಡು, ಬೆಳೆದ ಗಾಯಕನೊಬ್ಬ ಬೆಳೆಯುವ ಗಾಯಕರ ಮುಂದೆ ಕುಳಿತು, ಹಾಡು ಬರೆದವರು ಯಾರು, ರಾಗ ಸಂಯೋಜಿಸಿದವರು ಯಾರು, ಧ್ವನಿಮುದ್ರಣದ ದಿನ ಏನಾಯಿತು ಎಂದು ಹೇಳುತ್ತಿದ್ದ ಆ ರೀತಿ ಒಂದು ಪಾಠಶಾಲೆಯೇ ಆಗಿತ್ತು. ತಪ್ಪನ್ನು ತಿದ್ದುವಾಗ ಮಗುವಿನ ಮುಖ ಬಾಡದಂತೆ ತಿದ್ದುವುದು ಹೇಗೆಂಬುದನ್ನು ನಾನು ಶಿಕ್ಷಕರ ತರಬೇತಿಯಲ್ಲಿ ಕಲಿಯಲಿಲ್ಲ, ಅವರನ್ನು ನೋಡಿ ಕಲಿತೆ. 2020ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ನಮ್ಮ ಓಣಿಯ ತೆಲುಗರೂ ತಮಿಳರೂ ಕನ್ನಡಿಗರೂ ಒಂದೇ ದುಃಖವನ್ನು ಮೂರು ನುಡಿಗಳಲ್ಲಿ ಆಡಿಕೊಂಡರು. ಆಮೇಲೆ ಜೀ ಕನ್ನಡದ ‘ಸರಿಗಮಪ’ ಮನೆಮನೆಯ ಮಾತಾಯಿತು. ಹಂಸಲೇಖ ಅವರು ಅಲ್ಲಿ ಮಹಾಗುರುವಾಗಿ ಕುಳಿತು ಹಳ್ಳಿಯಿಂದ ಬಂದ ಕಂಠಗಳ ಬೆನ್ನು ತಟ್ಟಿದರು. ಈ ಕಾರ್ಯಕ್ರಮಗಳಿಂದ ಕನ್ನಡಕ್ಕೆ ಒಳ್ಳೆಯ ಕಂಠಗಳು ದೊರಕಿವೆಯೆಂಬುದರಲ್ಲಿ ಸಂಶಯವಿಲ್ಲ. ಅಭಿಮಾನಿಯ ಪಕ್ಷಪಾತವೂ ನನಗೆ ಹೊಸದಲ್ಲ. ಒಂದು ಸ್ಪರ್ಧೆಯಲ್ಲಿ ಎಸ್ಸೆಮ್ಮೆಸ್ಸಿನ ಮೂಲಕ ಮತ ಹಾಕುವ ಅವಕಾಶವಿದ್ದಾಗ ನಾನು ನನ್ನ ಹುಟ್ಟೂರಿನ ಕಡೆಯ ಹುಡುಗನಿಗೆ ಒಂಬತ್ತು ಬಾರಿ ಹಾಕಿದೆ. ಅವನಿಗಿಂತ ಚೆನ್ನಾಗಿ ಹಾಡಿದವಳು ಧಾರವಾಡದ ಕಡೆಯವಳು. ಸೈಪ್ರಸ್ಸಿನವರನ್ನು ನಗುವ ಹಕ್ಕು ನನಗಿಲ್ಲ.

ಆದರೆ ನಮ್ಮ ಸ್ಪರ್ಧೆಗಳಲ್ಲಿ ಒಂದು ಕೊರತೆಯಿದೆ. ಅದು ನನಗೆ ಸಿದ್ಧಾಂತವಾಗಿ ಹೊಳೆಯಲಿಲ್ಲ. ಒಬ್ಬ ಹುಡುಗಿಯ ಮೂಲಕ ಕಂಡಿತು. ಅವಳು ನನ್ನ ವಿದ್ಯಾರ್ಥಿನಿ. ಹೊಸಕೋಟೆಯ ಆಚೆಯ ಹಳ್ಳಿ. ತಾಯಿ ಬೆಳಗಿನ ಮೊದಲ ಬಸ್ಸಿಗೆ ಹೂವಿನ ಬುಟ್ಟಿ ತಂದು ಈ ಕಡೆ ಮಾರುತ್ತಿದ್ದಳು. ಹುಡುಗಿಗೆ ಕಂಠವಿತ್ತು, ಅದಕ್ಕಿಂತ ಅಪರೂಪವಾದದ್ದು, ಪದ ಕಟ್ಟುವ ಶಕ್ತಿಯಿತ್ತು. ಕತ್ತಲಲ್ಲಿ ಬಸ್ಸಿಗೆ ಕಾಯುವ ತಾಯಿಯನ್ನು ಕುರಿತು ಒಂದು ಹಾಡು ಬರೆದು, ಅಜ್ಜಿ ಬೀಸುವಾಗ ಹಾಡುತ್ತಿದ್ದ ಧಾಟಿಯನ್ನು ಸ್ವಲ್ಪ ತಿರುವಿ ತಾನೇ ಮಟ್ಟು ಹಾಕಿದ್ದಳು. ಶಾಲೆಯ ವಾರ್ಷಿಕೋತ್ಸವದಲ್ಲಿ ಅದನ್ನು ಹಾಡಿದಾಗ, ಸಾಮಾನ್ಯವಾಗಿ ಹಿಂದಿನ ಸಾಲಿನಲ್ಲಿ ಗಲಾಟೆ ಮಾಡುವ ಹುಡುಗರು ಸದ್ದು ಮಾಡಲಿಲ್ಲ. ನಾನೇ ಅವಳನ್ನು ಒಂದು ವಾಹಿನಿಯ ಆಯ್ಕೆಯ ಸುತ್ತಿಗೆ ಕರೆದುಕೊಂಡು ಹೋದೆ. ಬೆಳಿಗ್ಗೆ ಏಳಕ್ಕೆ ಸಾಲಿನಲ್ಲಿ ನಿಂತವರಿಗೆ ಮಧ್ಯಾಹ್ನ ಮೂರಕ್ಕೆ ಕರೆ ಬಂತು. ಅವಳು ಎರಡು ಸಾಲು ಹಾಡಿದಳು. ಮೇಜಿನ ಹಿಂದೆ ಕುಳಿತಿದ್ದವರು ಮರ್ಯಾದೆಯಿಂದಲೇ, “ಇದು ಯಾವ ಚಿತ್ರದ ಹಾಡಮ್ಮ?” ಎಂದು ಕೇಳಿದರು. ನನ್ನದೇ ಎಂದಳು. “ಚೆನ್ನಾಗಿದೆ. ಸಿನಿಮಾದ್ದು ಯಾವುದಾದರೂ ಬರುತ್ತಾ?” ಎಂದರು. ಅವಳು ಒಂದು ಸಿನಿಮಾ ಹಾಡು ಹಾಡಿದಳು. ಸಾವಿರ ಜನ ಹಾಡುವ ಹಾಗೆ ಹಾಡಿದಳು. ಆಯ್ಕೆಯಾಗಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ, “ಪರವಾಗಿಲ್ಲ ಸಾರ್, ಅವರು ಕೇಳಿದ್ದು ನನಗೆ ಚೆನ್ನಾಗಿ ಬರೋದಿಲ್ಲ” ಎಂದಳು. ದೂರು ಅವಳದಲ್ಲ, ನನ್ನದು. ಮೇಜಿನ ಹಿಂದಿದ್ದವರನ್ನೂ ನಾನು ದೂರುವುದಿಲ್ಲ. ಅವರಿಗೆ ಒಪ್ಪಿಸಿದ್ದ ಕೆಲಸ ಕಂಠವನ್ನು ಆರಿಸುವುದು, ಹಾಡನ್ನು ಆರಿಸುವುದಲ್ಲ.

ನನ್ನ ಅಭಿಪ್ರಾಯವನ್ನು ಇಲ್ಲಿ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಯೂರೋಪಿನವರು ನಡೆಸುವುದು ಹಾಡಿನ ಪಂದ್ಯ. ನಾವು ನಡೆಸುವುದು ಹಾಡುವವರ ಪಂದ್ಯ. ಅವರಲ್ಲಿ ಪ್ರತಿವರ್ಷ ಮೂವತ್ತೈದು ನಲವತ್ತು ಹೊಸ ಹಾಡುಗಳು ಈ ನೆಪದಿಂದ ಹುಟ್ಟುತ್ತವೆ. ಅವಕ್ಕೆ ಮೊದಲು ಆಯಾ ದೇಶದ ಆಯ್ಕೆಯಲ್ಲಿ ಸೋತ ನೂರಾರು ಹಾಡುಗಳನ್ನು ಲೆಕ್ಕ ಹಿಡಿದರೆ ಇನ್ನೂ ಹೆಚ್ಚು. ನಮ್ಮಲ್ಲಿ ಇಪ್ಪತ್ತು ವರ್ಷಗಳಿಂದ ನೂರಾರು ಪ್ರತಿಭಾವಂತ ಕಂಠಗಳು ಸುಮಾರು ಐನೂರು ಹಾಡುಗಳನ್ನು ಸುತ್ತಿ ಸುತ್ತಿ ಹಾಡುತ್ತಿವೆ. ಆ ಹಾಡುಗಳು ಕೆಟ್ಟವಲ್ಲ, ಅನೇಕವು ಬಂಗಾರ. ಆದರೆ ಬಂಗಾರವನ್ನು ಎಷ್ಟು ಸಲ ಕರಗಿಸಿ ಎರೆದರೂ ತೂಕ ಹೆಚ್ಚುವುದಿಲ್ಲ.

ಪಂದ್ಯಕ್ಕಾಗಿ ಹೊಸ ಹಾಡು ಕಟ್ಟುವುದು ಪರದೇಶದಿಂದ ತರಬೇಕಾದ ವಿದ್ಯೆಯೇನೂ ಅಲ್ಲ. ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಹರದೇಶಿ ನಾಗೇಶಿ ಎಂಬ ಎರಡು ಪಕ್ಷಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ರಾತ್ರಿಯಿಡೀ ಹಾಡಿನಲ್ಲಿಯೇ ವಾದ ಹೂಡುತ್ತವೆ. ಎದುರಾಳಿಯ ಪದಕ್ಕೆ ಪದ ಕಟ್ಟಲಾರದವನಿಗೆ ಅಲ್ಲಿ ಕಂಠವೊಂದಿದ್ದರೆ ಪ್ರಯೋಜನವಿಲ್ಲ. ತೀರ್ಪು ಹೇಳುವವರು ಜಾತ್ರೆಗೆ ಬಂದ ಜನ. ಮತದಾನಕ್ಕೆ ಟೆಲಿಫೋನು ಬೇಕಾಗಿಲ್ಲ. ಇನ್ನು ನಮ್ಮ ಭಾವಗೀತೆಯ ಪರಂಪರೆಯಂತೂ ಲೋಕದ ಯಾವ ಸಂಪ್ರದಾಯಕ್ಕೂ ಕಡಮೆಯಾದದ್ದಲ್ಲ. ಬೇಂದ್ರೆ, ಕುವೆಂಪು, ನರಸಿಂಹಸ್ವಾಮಿ, ನಿಸಾರ್ ಅಹಮದ್ ಮೊದಲಾದವರು ಬರೆದುದನ್ನು ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್, ಶಿವಮೊಗ್ಗ ಸುಬ್ಬಣ್ಣ ಬೀದಿಬೀದಿಗೆ ಕೊಂಡೊಯ್ದರು. ಪುಸ್ತಕ ಮುಟ್ಟದವರ ಬಾಯಲ್ಲೂ ಕವಿತೆ ಕುಳಿತದ್ದು ಹೀಗೆ. ಅಶ್ವಥ್ ತೀರಿಕೊಂಡದ್ದು 2009ರಲ್ಲಿ. ಅನಂತರ ಬಂದ ಕವಿಗಳ ಎಷ್ಟು ಕವಿತೆಗಳನ್ನು ಟಿನ್ ಫ್ಯಾಕ್ಟರಿಯ ಆಟೋ ಚಾಲಕ ಗುನುಗುತ್ತಾನೆ? ಪ್ರಶ್ನೆ ಕವಿಗಳಿಗೂ ಸೇರಿ.

ನಮಗೆ ರಾಗ ಸಂಯೋಜನೆಯಲ್ಲಿ ಆಸಕ್ತಿಯೇ ಇಲ್ಲವೆಂದು ಯಾರಾದರೂ ಹೇಳಿದರೆ ನಾನು ನಾಡಗೀತೆಯ ಕಡೆ ಕೈ ತೋರಿಸುತ್ತೇನೆ. ಕುವೆಂಪು ಅವರ ಗೀತೆಯನ್ನು 2004ರಲ್ಲಿ ನಾಡಗೀತೆಯೆಂದು ಸರ್ಕಾರ ಸಾರಿತು. ಯಾವ ಧಾಟಿಯಲ್ಲಿ ಹಾಡಬೇಕೆಂಬ ಪ್ರಶ್ನೆ ಹದಿನೆಂಟು ವರ್ಷ ಹೊಯ್ದಾಡಿತು. ಅನಂತಸ್ವಾಮಿಯವರ ಧಾಟಿಯೋ ಅಶ್ವಥ್ ಅವರ ಧಾಟಿಯೋ ಎಂದು ಹಿರಿಯರು ಪಕ್ಷ ಕಟ್ಟಿದರು. 2022ರಲ್ಲಿ ಅನಂತಸ್ವಾಮಿಯವರ ಧಾಟಿಯೇ ಎಂದೂ, ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಮುಗಿಸತಕ್ಕದ್ದೆಂದೂ ಆಜ್ಞೆ ಹೊರಟಿತು. ವಿವಾದ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಒಂದು ಮಟ್ಟಿಗಾಗಿ ಇಷ್ಟು ಕಾದಾಡಿದ ಜನ ಇನ್ನೆಲ್ಲಿದ್ದಾರೆ? ಇದನ್ನು ಕೆಲವರು ನಾಚಿಕೆಗೇಡೆಂದರು. ನನಗೆ ಒಳಗೊಳಗೆ ಹೆಮ್ಮೆಯೇ ಆಯಿತು.

ಸಂಗೀತ ಕುದುರೆಯ ಜೂಜಲ್ಲ, ಪಂದ್ಯವೆಂಬುದೇ ಕಲೆಗೆ ಒಗ್ಗದೆಂದು ಹಿರಿಯ ಮಿತ್ರರೊಬ್ಬರು ನನ್ನನ್ನು ಗದರಿದರು. ಅವರ ಮಾತು ಅರ್ಧ ನಿಜ. ಗೆಲುವಿನಿಂದ ಹಾಡಿನ ಬೆಲೆ ಗೊತ್ತಾಗುವುದಿಲ್ಲ. 1958ರಲ್ಲಿ ಇಟಲಿಯ ಡೊಮೆನಿಕೊ ಮೊಡುನ್ಯೊ ಹಾಡಿದ, ಲೋಕವೆಲ್ಲ ‘ವೊಲಾರೆ’ ಎಂದು ಕರೆಯುವ ಹಾಡು ಆ ವರ್ಷ ಮೂರನೆಯದಾಯಿತು; ಮೊದಲನೆಯದರ ಹೆಸರು ಇಂದು ಎಷ್ಟು ಜನಕ್ಕೆ ಗೊತ್ತು? ಇನ್ನೂ ಸೋಜಿಗದ ಸಂಗತಿ 1974ರದು. ಆಬಾ ಗೆದ್ದ ಆ ರಾತ್ರಿ ಪೋರ್ತುಗಲ್ಲಿನ ಪಾವುಲೊ ದೆ ಕಾರ್ವಾಲ್ಯೊ ಮೂರೇ ಅಂಕ ಪಡೆದು ಕಟ್ಟಕಡೆಯ ಸ್ಥಾನದಲ್ಲಿ ನಿಂತ. ಮೂರು ವಾರವೂ ಕಳೆದಿರಲಿಲ್ಲ. ಏಪ್ರಿಲ್ 24ರ ರಾತ್ರಿ ಹನ್ನೊಂದಕ್ಕೆ ಐದು ನಿಮಿಷವಿರುವಾಗ ಲಿಸ್ಬನ್ನಿನ ರೇಡಿಯೋದಲ್ಲಿ ಆ ಹಾಡು ಬಂತು. ಅದು ಸೈನಿಕರಿಗೆ ಮೊದಲ ಸಂಕೇತ. ಮರುದಿನ ದಶಕಗಳ ಸರ್ವಾಧಿಕಾರ ಉರುಳಿತು; ಜನ ಬಂದೂಕಿನ ತುದಿಗೆ ಕಾರ್ನೇಷನ್ ಹೂ ಸಿಕ್ಕಿಸಿದರು. ಪ್ರಣಯದ ಹಾಡೊಂದು, ಅದೂ ಸೋತ ಹಾಡು, ಆ ಕೆಲಸಕ್ಕೆ ಒದಗಿತು, ಏಕೆಂದರೆ ಅದನ್ನು ಹಾಕಿದರೆ ಯಾರಿಗೂ ಸಂದೇಹ ಬರುವಂತಿರಲಿಲ್ಲ. ಮಿತ್ರರಿಗೆ ನನ್ನ ಉತ್ತರ ಇಷ್ಟೇ: ಪಂದ್ಯವಿಲ್ಲದಿದ್ದರೆ ಆ ಸೋತ ಹಾಡೂ ಹುಟ್ಟುತ್ತಿರಲಿಲ್ಲ.

ಸ್ವೀಡನ್ನಿನ ಜನ ಒಂದು ಕೋಟಿಯಷ್ಟು. ಐರ್ಲೆಂಡಿನವರು ಅದರ ಅರ್ಧ. ಎರಡೂ ದೇಶಗಳು ಏಳೇಳು ಬಾರಿ ಗೆದ್ದಿವೆ. 2011ರ ಜನಗಣತಿಯಲ್ಲಿ ಕನ್ನಡ ತಮ್ಮ ತಾಯ್ನುಡಿಯೆಂದು ಬರೆಯಿಸಿದವರು 4 ಕೋಟಿ 37 ಲಕ್ಷ. ಅವರೊಡನೆ ತುಳು, ಕೊಡವ, ಕೊಂಕಣಿ, ಬ್ಯಾರಿ, ದಖನಿ ಉರ್ದುವಿನವರನ್ನೂ ಕರೆಯಬೇಕು. ರೋಮಾಂಶಿಗೆ ಸಿಕ್ಕ ಎಡೆ ಬ್ಯಾರಿಗೇಕೆ ಸಿಕ್ಕಬಾರದು? ಜಿಲ್ಲೆಗೊಂದು ಹೊಸ ಹಾಡು, ಕಾಸರಗೋಡಿನಿಂದ ಒಂದು, ಸೊಲ್ಲಾಪುರದಿಂದ ಒಂದು, ಬೇಕಾದರೆ ನೆದರ್ಲೆಂಡಿನ ನನ್ನ ಶಿಷ್ಯನ ಕಡೆಯಿಂದ ಒಂದು. ಬರೆದವರ ಹೆಸರು ಮೊದಲು, ಮಟ್ಟು ಹಾಕಿದವರ ಹೆಸರು ಆಮೇಲೆ, ಹಾಡಿದವರ ಹೆಸರು ಮೂರನೆಯದು. ವಾದ್ಯಗಾರರು ವೇದಿಕೆಯ ಮೇಲೆಯೇ ಇರಲಿ. ತನ್ನ ಜಿಲ್ಲೆಗೆ ತಾನು ಮತ ಹಾಕುವಂತಿಲ್ಲ; ಈ ನಿಯಮ ಯೂರೋಪಿನಲ್ಲಿದೆ, ನನ್ನಂಥವರನ್ನು ನೋಡಿಯೇ ಮಾಡಿರಬೇಕು. ವಾಹಿನಿಗಳು ಮನಸ್ಸು ಮಾಡಿದರೆ ಇದಕ್ಕೆ ಬೇಕಾದ ಹಣ, ಬೆಳಕು, ವೇದಿಕೆ ಎಲ್ಲವೂ ಅವರಲ್ಲಿ ಸಿದ್ಧವಾಗಿಯೇ ಇವೆ. ಹೊಸ ಹಾಡನ್ನು ಯಾರು ನೋಡುತ್ತಾರೆಂದು ಅವರು ಕೇಳುವುದು ಸಹಜ. ಎದೆಗೆ ತಟ್ಟಿದ ಪ್ರತಿಯೊಂದು ಹಳೆಯ ಹಾಡೂ ಒಂದು ದಿನ ಯಾರೂ ಕೇಳಿರದ ಹಾಡಾಗಿತ್ತೆಂಬುದನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು.

ಅವರು ಮನಸ್ಸು ಮಾಡುವವರೆಗೆ ಕಾಯುವಷ್ಟು ಆಯುಸ್ಸು ನನಗಿದೆಯೋ ಇಲ್ಲವೋ ತಿಳಿಯದು. ಆದುದರಿಂದ ನಮ್ಮ ಓಣಿಯ ನಾಲ್ವರು ನಿವೃತ್ತ ಮೇಷ್ಟರು ಕೂಡಿಕೊಂಡು, ಬರುವ ರಾಜ್ಯೋತ್ಸವದಂದು ಒಂದು ಸಣ್ಣ ಪಂದ್ಯ ಇಡುವುದೆಂದು ತೀರ್ಮಾನಿಸಿದ್ದೇವೆ. ಸ್ಥಳ, ಒಬ್ಬರ ಮನೆಯ ತಾರಸಿ. ಬಹುಮಾನ, ಪುಸ್ತಕ. ನಿಯಮ, ಹೊಸ ಹಾಡು, ಮೂರು ನಿಮಿಷ. ಬಸ್ ನಿಲ್ದಾಣದ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿಯೂ ಮೆಟ್ರೋದ ಕೆಳಗಿನ ಟೀ ಅಂಗಡಿಯಲ್ಲಿಯೂ ಚೀಟಿ ಅಂಟಿಸಿದ್ದೇವೆ. ಹೂವಿನವಳ ಮಗಳಿಗೆ ಫೋನು ಮಾಡಿದ್ದೆ. ಈಗ ಅವಳು ವೈಟ್‌ಫೀಲ್ಡಿನಲ್ಲಿ ಕೆಲಸದಲ್ಲಿದ್ದಾಳೆ, ರಜೆ ಸಿಕ್ಕರೆ ಬರುತ್ತೇನೆಂದಿದ್ದಾಳೆ, ಹಾಡು ಕಟ್ಟುವುದನ್ನು ಬಿಟ್ಟು ಬಹಳ ದಿನವಾಯಿತೆಂದೂ ಹೇಳಿದಳು. ಇದುವರೆಗೆ ಏಳು ಹಾಡುಗಳು ಬಂದಿವೆ. ಓದಿ ನೋಡಿದೆವು. ನಾಲ್ಕು ಸಿನಿಮಾದ ಮಟ್ಟಿಗೇ ಹೊಸ ಪದ ಹೊಂದಿಸಿದಂಥವು. ಒಂದಂತೂ ಯಾವ ಚಿತ್ರದ ಮಟ್ಟೆಂದು ಮೇಲೆಯೇ ಬರೆದು ಕಳುಹಿಸಿದೆ. ಇನ್ನೊಂದು ತೆಲುಗಿನದು, ಸೇರಿಸಿಕೊಳ್ಳಬೇಕೋ ಬೇಡವೋ ಎಂಬುದರ ಮೇಲೆ ನಮ್ಮ ನಾಲ್ವರಲ್ಲಿ ಎರಡು ಪಕ್ಷಗಳಾಗಿವೆ. ಉಳಿದ ಎರಡನ್ನು ಕರೆದು ಕೇಳಬೇಕು.